ಕಡತದ ನಡುವೆ ಎರಡು ನಿಮಿಷ: ದಿನವಿಡೀ ಕುಳಿತು ದುಡಿಯುವ ಒಬ್ಬರ ಪ್ರಕರಣ ಅಧ್ಯಯನ

44 ವರ್ಷದ ಈ ಮಹಿಳೆಯ ವೃತ್ತಿ, ಧ್ವನಿಮುದ್ರಿಕೆಗಳನ್ನು ಕೇಳಿ ಬರಹಕ್ಕೆ ಇಳಿಸುವುದು. ಸಭೆ, ಸಂದರ್ಶನ, ವೈದ್ಯರ ಟಿಪ್ಪಣಿ, ವಿಚಾರಣೆ ಹೀಗೆ ಯಾರೋ ಆಡಿದ ಮಾತು ಅವರ ಕಿವಿಯಿಂದ ಬೆರಳಿಗಿಳಿದು ಪುಟವಾಗುತ್ತದೆ. ಕಿವಿಗೆ ಹೆಡ್‌ಫೋನ್, ಎರಡೂ ಕೈ ಕೀಲಿಮಣೆಯ ಮೇಲೆ, ಬಲಗಾಲು ಮೇಜಿನ ಕೆಳಗಿನ ಪೆಡಲ್ ಮೇಲೆ. ಪೆಡಲ್ ಒತ್ತಿದರೆ ಧ್ವನಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ, ಪಕ್ಕದ ಗುಂಡಿ ಒತ್ತಿದರೆ ಕೆಲವು ಸೆಕೆಂಡು ಹಿಂದಕ್ಕೆ ಹೋಗುತ್ತದೆ. ಒಂದು ಗಂಟೆಯ ಮುದ್ರಿಕೆಯನ್ನು ಬರಹಕ್ಕೆ ಇಳಿಸಲು ಪಳಗಿದ ಕೈಗೂ ನಾಲ್ಕು ಗಂಟೆಯ ಆಸುಪಾಸು ಬೇಕು. ಅವರಿಗೆ ಹಣ ಸಿಗುವುದು ಕುಳಿತ ಗಂಟೆಗಳಿಗೆ ತಕ್ಕಂತೆ ಅಲ್ಲ, ಮುಗಿಸಿಕೊಟ್ಟ ಮುದ್ರಿಕೆಯ ನಿಮಿಷಗಳಿಗೆ ತಕ್ಕಂತೆ. ಹೀಗಾಗಿ ಕುರ್ಚಿಯಿಂದ ಎದ್ದ ಪ್ರತಿ ನಿಮಿಷವೂ ಅವರ ಕಣ್ಣಿಗೆ ಕೈತಪ್ಪಿದ ದುಡಿಮೆಯಾಗಿಯೇ ಕಾಣುತ್ತಿತ್ತು.

ನಾನು ಫಿಸಿಯೋಥೆರಪಿಸ್ಟ್. ದೀರ್ಘಕಾಲ ಕೂರುವವರಿಗೆ ನಡುನಡುವೆ ಎದ್ದೇಳಿ ಎಂದು ಹೇಳದ ವೈದ್ಯರಿಲ್ಲ, ಫಿಸಿಯೋಥೆರಪಿಸ್ಟರೂ ಇಲ್ಲ. ಆದರೂ ಹೇಳಿಸಿಕೊಂಡವರಲ್ಲಿ ಅದನ್ನು ಉಳಿಸಿಕೊಂಡವರು ತೀರಾ ಕಡಿಮೆ. ಈ ಪ್ರಕರಣವನ್ನು ಬರೆಯಲು ಕಾರಣ ಅದೇ. ಸಲಹೆ ಸೋತದ್ದು ಎಲ್ಲಿ, ಮತ್ತೆ ನಿಂತದ್ದು ಹೇಗೆ ಎಂಬುದು ಇವರ ಕೆಲಸದ ಸ್ವರೂಪದಲ್ಲಿ ಬಹಳ ಸ್ಪಷ್ಟವಾಗಿ ಕಂಡಿತು. ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬಿಟ್ಟು ಬರೆಯುತ್ತಿದ್ದೇನೆ.

ದೂರು ಮತ್ತು ಮೊದಲ ಪರೀಕ್ಷೆ

ಅವರು ಬಂದದ್ದು ಬೆನ್ನುನೋವಿಗೆಂದು. ಸಂಜೆ ಕುರ್ಚಿಯಿಂದ ಎದ್ದಾಗ ಸೊಂಟ ನೆಟ್ಟಗಾಗಲು ಕೆಲವು ಹೆಜ್ಜೆ ಬೇಕಾಗುತ್ತಿತ್ತು. ಮಾತನಾಡಿಸುತ್ತ ಹೋದಂತೆ ಇನ್ನೂ ಮೂರು ಸಂಗತಿಗಳು ಹೊರಬಂದವು. ಸಂಜೆಯ ಹೊತ್ತಿಗೆ ಕಣಕಾಲು ಊದಿಕೊಂಡು ಕಾಲುಚೀಲದ ಅಂಚು ಚರ್ಮದಲ್ಲಿ ಅಚ್ಚೊತ್ತುತ್ತಿತ್ತು. ಮಧ್ಯಾಹ್ನದ ಊಟದ ನಂತರ ತೂಕಡಿಕೆ ಬಂದು ಒಂದೇ ವಾಕ್ಯವನ್ನು ಮೂರು ನಾಲ್ಕು ಬಾರಿ ಹಿಂದಕ್ಕೆ ತಿರುಗಿಸಿ ಕೇಳಬೇಕಾಗುತ್ತಿತ್ತು. ರಾತ್ರಿ ಬಲಗೈ ಬೆರಳುಗಳು ಜುಮ್ಮೆನ್ನುತ್ತಿದ್ದವು. ಇಷ್ಟೆಲ್ಲ ಇದ್ದವರು ಸೋಮಾರಿಯೇನಲ್ಲ. ವರ್ಷಗಳಿಂದ ಪ್ರತಿದಿನ ಬೆಳಗ್ಗೆ ಒಂದು ಗಂಟೆ ಬಿರುಸಾಗಿ ನಡೆಯುವವರು. "ಇಷ್ಟು ನಡೆದರೂ ಹೀಗೇಕೆ?" ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ಮುಂದೆ ಬರುತ್ತೇನೆ.

ಮೊದಲು ನನ್ನನ್ನು ತಡೆದದ್ದು ಕಾಲಿನ ಊತ. ಎರಡೂ ಕಾಲುಗಳಲ್ಲಿ ಇತ್ತು, ಆದರೆ ಎಡಗಾಲಿನಲ್ಲಿ ಹೆಚ್ಚು. ಪೆಡಲ್ ಒತ್ತುವ ಬಲಗಾಲು ದಿನವಿಡೀ ಅಷ್ಟಿಷ್ಟಾದರೂ ಆಡುತ್ತಿತ್ತು, ಎಡಗಾಲು ಕುರ್ಚಿಯ ಚಕ್ರಕ್ಕೆ ಸಿಕ್ಕಿಸಿದಂತೆ ಅಲುಗದೆ ಇರುತ್ತಿತ್ತು. ಈ ವಿವರಣೆ ಎಷ್ಟೇ ಚೆನ್ನಾಗಿ ಹೊಂದಿದರೂ ಅದನ್ನು ನಂಬಿ ವ್ಯಾಯಾಮ ಆರಂಭಿಸುವಂತಿರಲಿಲ್ಲ. ಒಂದು ಕಾಲು ಇನ್ನೊಂದಕ್ಕಿಂತ ಹೆಚ್ಚು ಊದಿದ್ದರೆ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿಲ್ಲ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಕೂರುವುದಕ್ಕೂ ಹೆಪ್ಪಿಗೂ ಇರುವ ನಂಟು ಹಳೆಯದು. 1940ರಲ್ಲಿ ಲಂಡನ್ ಮೇಲೆ ಬಾಂಬ್ ದಾಳಿ ನಡೆದಾಗ ಆಶ್ರಯತಾಣಗಳಲ್ಲಿ ರಾತ್ರಿಯಿಡೀ ಕುಳಿತೇ ಕಳೆದವರಲ್ಲಿ ಕೆಲವರು ಶ್ವಾಸಕೋಶಕ್ಕೆ ಹೆಪ್ಪು ಸೇರಿ ಹಠಾತ್ತನೆ ಸತ್ತದ್ದನ್ನು ಕೀತ್ ಸಿಂಪ್ಸನ್ ದಾಖಲಿಸಿದರು. 1954ರಲ್ಲಿ ಜಾನ್ ಹೋಮನ್ಸ್, ದೀರ್ಘ ಪ್ರಯಾಣದಲ್ಲಿ ಮತ್ತು ಇತರೆಡೆ ಬಹುಹೊತ್ತು ಕುಳಿತ ನಂತರ ಕಾಲಿನಲ್ಲಿ ಹೆಪ್ಪುಗಟ್ಟಿದ ಪ್ರಕರಣಗಳ ಬಗ್ಗೆ ಬರೆದರು. ಆದ್ದರಿಂದ ಇವರನ್ನು ವೈದ್ಯರ ಬಳಿ ಕಳುಹಿಸಿದೆ. ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಹೆಪ್ಪು ಕಾಣಲಿಲ್ಲ. ಹೃದಯ, ಮೂತ್ರಪಿಂಡ, ಥೈರಾಯ್ಡ್ ಸರಿಯಾಗಿದ್ದವು. ಉಪವಾಸದ ಗ್ಲೂಕೋಸ್ ಮಾತ್ರ ಡೆಸಿಲೀಟರ್ ರಕ್ತಕ್ಕೆ 108 ಮಿಲಿಗ್ರಾಂ, ಅಂದರೆ ಮಧುಮೇಹಕ್ಕೆ ಮುಂಚಿನ ಹಂತ.

ಓದುಗರಲ್ಲಿ ಯಾರಿಗಾದರೂ ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ಮುಟ್ಟಿದರೆ ನೋಯುತ್ತಿದ್ದರೆ ಈ ಬರಹದ ವ್ಯಾಯಾಮವನ್ನು ಬದಿಗಿಟ್ಟು ಅಂದೇ ವೈದ್ಯರನ್ನು ಕಾಣಿ. ಜೊತೆಗೆ ಉಸಿರು ಕಟ್ಟುವುದು ಅಥವಾ ಎದೆನೋವು ಇದ್ದರೆ ಅದು ತುರ್ತು ಪರಿಸ್ಥಿತಿ.

ಹೆಪ್ಪಿನ ಭಯ ನೀಗಿದ ಮೇಲೆ ಒಂದು ವಾರ ಯಾವ ಬದಲಾವಣೆಯನ್ನೂ ಮಾಡಬೇಡಿ, ಎದ್ದ ಸಮಯವನ್ನಷ್ಟೇ ಗುರುತು ಹಾಕಿಕೊಳ್ಳಿ ಎಂದೆ. ಆ ಚೀಟಿಗಳನ್ನು ನೋಡಿದಾಗ ಅವರೇ ಬೆರಗಾದರು. ಎದ್ದೇಳದೆ ಕಳೆದ ಅತಿ ದೀರ್ಘ ಅವಧಿ ಮೂರು ಗಂಟೆಯ ಹತ್ತಿರ ಇತ್ತು. ಅದಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು ವಿಷಯ. ಶೌಚಾಲಯಕ್ಕೆ ಏಳಬೇಕಾಗುತ್ತದೆ ಎಂದು ಅವರು ಕೆಲಸದ ಹೊತ್ತಿನಲ್ಲಿ ನೀರನ್ನೇ ಕಡಿಮೆ ಕುಡಿಯುತ್ತಿದ್ದರು. ದೇಹ ತಾನಾಗಿ ಎಬ್ಬಿಸುವ ಒಂದೇ ಒಂದು ದಾರಿಯನ್ನೂ ಹಾಗೆ ಮುಚ್ಚಿಬಿಟ್ಟಿದ್ದರು. ನಿಮಿಷದ ಲೆಕ್ಕದ ದುಡಿಮೆ ಮನುಷ್ಯರಿಂದ ಇಂಥದ್ದನ್ನೂ ಮಾಡಿಸುತ್ತದೆ.

ಎಚ್ಚರಿಕೆಯ ಗಂಟೆ ಏಕೆ ಸೋತಿತು

ನನ್ನ ಬಳಿ ಬರುವ ಮುನ್ನವೇ ಅವರು ವಿರಾಮದ ಪ್ರಯತ್ನ ಮಾಡಿದ್ದರು. ಅವರು ಕೆಲಸ ಮಾಡುವ ಸಂಸ್ಥೆಯಿಂದ ಒಂದು ಸುತ್ತೋಲೆ ಬಂದಿತ್ತು: ಪ್ರತಿ ಗಂಟೆಗೊಮ್ಮೆ ಅಲಾರಾಂ ಇಟ್ಟುಕೊಳ್ಳಿ, ಚಿತ್ರದಲ್ಲಿ ತೋರಿಸಿದ ಹತ್ತು ವ್ಯಾಯಾಮಗಳನ್ನು ಮಾಡಿ. ಕುತ್ತಿಗೆ ತಿರುಗಿಸುವುದರಿಂದ ಹಿಡಿದು ಬೆನ್ನು ಬಾಗಿಸುವವರೆಗೆ ಎಲ್ಲವೂ ಅದರಲ್ಲಿತ್ತು. ಅವರು ಶ್ರದ್ಧೆಯಿಂದಲೇ ಆರಂಭಿಸಿದರು. ಎರಡನೆಯ ವಾರದಲ್ಲಿ ಅಲಾರಾಂ ಬಾರಿಸಿದಾಗ ಐದು ನಿಮಿಷ ಮುಂದೂಡುವುದು ಶುರುವಾಯಿತು. ಅದಾದ ಮೇಲೆ ಶಬ್ದ ಬಂದ ಕೂಡಲೇ ಕೈ ತಾನಾಗಿ ಹೋಗಿ ಅದನ್ನು ಆರಿಸುತ್ತಿತ್ತು. ಕೊನೆಗೆ ಅದನ್ನು ತೆಗೆದೇ ಹಾಕಿದರು. ತಮಗೆ ಮನೋಬಲವಿಲ್ಲ ಎಂದು ತೀರ್ಮಾನಿಸಿಕೊಂಡಿದ್ದರು.

ಈ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಪ್ರತಿದಿನ ಬೆಳಗ್ಗೆ ಎದ್ದು ಒಂದು ಗಂಟೆ ನಡೆಯುವವರಿಗೆ ಮನೋಬಲದ ಕೊರತೆ ಎಲ್ಲಿಂದ ಬಂತು? ಅವರ ಪಕ್ಕದಲ್ಲಿ ಕುಳಿತು ಕೆಲಸ ನೋಡಿದಾಗ ಕಾರಣ ತಿಳಿಯಿತು. ಮುದ್ರಿಕೆ ಕೇಳಿ ಬರೆಯುವವರು ಸದಾ ಕೆಲವು ಪದಗಳನ್ನು ನೆನಪಿನಲ್ಲಿ ಹಿಡಿದಿರುತ್ತಾರೆ. ಬೆರಳು ಹಿಂದಿನ ತುಣುಕನ್ನು ಬರೆಯುತ್ತಿರುವಾಗ ಕಿವಿ ಮುಂದಿನದನ್ನು ಕೇಳುತ್ತಿರುತ್ತದೆ. ಆ ಹೊತ್ತಿನಲ್ಲಿ ಅಲಾರಾಂ ಬಾರಿಸಿದರೆ ಹಿಡಿದದ್ದೆಲ್ಲ ಕೈಜಾರುತ್ತದೆ, ಮತ್ತೆ ಹಿಂದಕ್ಕೆ ಹೋಗಿ ಕೇಳಬೇಕು. ಗಡಿಯಾರಕ್ಕೆ ವಾಕ್ಯದ ನಡುವು ಯಾವುದು, ಕೊನೆ ಯಾವುದು ಎಂದು ಗೊತ್ತಿಲ್ಲ. ಒಮ್ಮೆ ಕಿರಿಕಿರಿ ಕೊಟ್ಟ ಶಬ್ದ ಹತ್ತು ಬಾರಿ ಕಿರಿಕಿರಿ ಕೊಟ್ಟರೆ ಮನಸ್ಸು ಅದನ್ನು ಶತ್ರುವೆಂದು ಬಗೆಯುತ್ತದೆ, ಜೊತೆಗೆ ಅದು ಹೊತ್ತು ತಂದ ವ್ಯಾಯಾಮವನ್ನೂ.

ಇನ್ನೊಂದು ತೊಡಕು ವಿರಾಮದ ಗಾತ್ರದ್ದು. ಹತ್ತು ವ್ಯಾಯಾಮ ಮುಗಿಸಲು ಎಂಟು ಹತ್ತು ನಿಮಿಷ ಹಿಡಿಯುತ್ತಿತ್ತು. ಗಂಟೆಗೆ ಹತ್ತು ನಿಮಿಷವೆಂದರೆ ದಿನದ ಆರನೆಯ ಒಂದು ಭಾಗ. ದುಡಿಮೆಯ ಆರನೆಯ ಒಂದು ಭಾಗವನ್ನು ಬಿಟ್ಟುಕೊಡಿ ಎಂದು ಹೇಳುವ ಸುತ್ತೋಲೆ ಆ ನಷ್ಟವನ್ನು ಯಾರು ಭರಿಸಬೇಕು ಎಂಬುದರ ಬಗ್ಗೆ ಒಂದು ಮಾತನ್ನೂ ಆಡಿರಲಿಲ್ಲ. ಸಂಕೋಚವೂ ಇತ್ತು. ಸಾಲುಸಾಲು ಮೇಜುಗಳ ನಡುವೆ ಎದ್ದು ನಿಂತು ಕೈಯನ್ನು ಮೇಲಕ್ಕೆ ಚಾಚಿ ಬಾಗುವುದೆಂದರೆ ಎಲ್ಲರ ಕಣ್ಣೂ ತಮ್ಮ ಮೇಲೆಯೇ ಇದೆ ಎನಿಸುತ್ತಿತ್ತು.

ಇದು ಇವರೊಬ್ಬರ ಅನುಭವವಲ್ಲ. ಅಮೆರಿಕದ ವೃತ್ತಿ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯ ಟ್ರಾಸಿ ಗಲಿನ್‌ಸ್ಕಿ ಮತ್ತು ಸಂಗಡಿಗರು ಕಂಪ್ಯೂಟರಿಗೆ ದತ್ತಾಂಶ ತುಂಬುವವರನ್ನು ಅಧ್ಯಯನ ಮಾಡಿ 2000ದಲ್ಲಿ ಪ್ರಕಟಿಸಿದರು. ರೂಢಿಯ ಎರಡು 15 ನಿಮಿಷದ ವಿರಾಮಗಳ ಜೊತೆಗೆ, ಅವು ಬಾರದ ಗಂಟೆಗಳಲ್ಲಿ 5 ನಿಮಿಷದ ವಿರಾಮ ಸೇರಿಸಿದಾಗ ಮೈನೋವು ಮತ್ತು ಕಣ್ಣಿನ ಆಯಾಸ ಇಳಿದವು, ಕೆಲಸದ ಪ್ರಮಾಣ ಕುಗ್ಗಲಿಲ್ಲ. ಇದು ಹೆಚ್ಚು ಪ್ರಚಾರ ಪಡೆದ ಭಾಗ. ಅದೇ ತಂಡ 2007ರಲ್ಲಿ ವಿರಾಮದ ಜೊತೆ ಚಾಚುವ ವ್ಯಾಯಾಮಗಳನ್ನೂ ಹೇಳಿಕೊಟ್ಟು ನೋಡಿತು. ವಿರಾಮಗಳಿಂದ ಮತ್ತೆ ಪ್ರಯೋಜನವಾಯಿತು, ಆದರೆ ಹೇಳಿಕೊಟ್ಟ ವ್ಯಾಯಾಮವನ್ನು ಬಹುಪಾಲು ವಿರಾಮಗಳಲ್ಲಿ ಜನ ಮಾಡಲೇ ಇಲ್ಲ. ಚಿತ್ರ ಬಿಡಿಸಿ ಗೋಡೆಗೆ ಅಂಟಿಸುವ ಎಲ್ಲರೂ ಈ ಎರಡನೆಯ ಭಾಗವನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಬೆಳಗಿನ ನಡಿಗೆ ಉತ್ತರಿಸದ ಪ್ರಶ್ನೆ

ಇಷ್ಟು ನಡೆದರೂ ಹೀಗೇಕೆ ಎಂಬ ಅವರ ಪ್ರಶ್ನೆಗೆ ಸುಳ್ಳು ಹೇಳಿ ಹೆದರಿಸುವುದು ಸುಲಭ. ಕೂರುವುದು ಧೂಮಪಾನದಷ್ಟೇ ಕೆಟ್ಟದ್ದು ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಅದು ಉತ್ಪ್ರೇಕ್ಷೆ. 2016ರಲ್ಲಿ ಉಲ್ಫ್ ಎಕೆಲುಂಡ್ ಮತ್ತು ಸಂಗಡಿಗರು ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದಾಗ, ದಿನಕ್ಕೆ 60ರಿಂದ 75 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ ಇರುವವರಲ್ಲಿ 8 ಗಂಟೆಗಿಂತ ಹೆಚ್ಚು ಕೂರುವುದರೊಂದಿಗೆ ಕಾಣುವ ಅಕಾಲ ಮರಣದ ಹೆಚ್ಚುವರಿ ಅಪಾಯ ಬಹುಮಟ್ಟಿಗೆ ಅಳಿದುಹೋಗುವುದು ಕಂಡಿತು. ಅಂದರೆ ಇವರ ಬೆಳಗಿನ ನಡಿಗೆ ವ್ಯರ್ಥವಾಗಿಲ್ಲ, ಅದನ್ನು ಯಾವ ಕಾರಣಕ್ಕೂ ಬಿಡಬಾರದು.

ಆದರೆ ಅವರ ದೂರುಗಳು ಗಂಟೆಗಳ ಲೆಕ್ಕದಲ್ಲಿ ಹುಟ್ಟುವಂಥವು. ಮೀನಖಂಡದ ಸ್ನಾಯು ಹಿಂಡಿದಾಗ ಕಾಲಿನ ಅಭಿಧಮನಿಗಳಲ್ಲಿನ ರಕ್ತ ಮೇಲಕ್ಕೆ ಹೋಗುತ್ತದೆ, ಒಳಗಿನ ಕವಾಟಗಳು ಅದು ಕೆಳಕ್ಕೆ ಮರಳದಂತೆ ತಡೆಯುತ್ತವೆ. ಕಾಲು ಇಳಿಬಿಟ್ಟು ಅಲುಗದೆ ಕುಳಿತರೆ ಈ ಪಂಪ್ ನಿಂತುಹೋಗುತ್ತದೆ, ಕೆಳಗೆ ಒತ್ತಡ ಏರುತ್ತದೆ, ನೀರಿನ ಅಂಶ ನಾಳಗಳಿಂದ ಸುತ್ತಲಿನ ಅಂಗಾಂಶಕ್ಕೆ ಜಿನುಗುತ್ತದೆ. ಬೆಳಗ್ಗೆ ಏಳಕ್ಕೆ ಮುಗಿಸಿದ ನಡಿಗೆ ಸಂಜೆ ನಾಲ್ಕಕ್ಕೆ ಈ ಪಂಪನ್ನು ಒತ್ತಲಾರದು. ಅಪಧಮನಿಗಳ ಕಥೆಯೂ ಹೀಗೆಯೇ. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಸೌರಭ್ ಥೋಸರ್ ಮತ್ತು ಸಂಗಡಿಗರು ಯುವಕರನ್ನು ಮೂರು ಗಂಟೆ ಕೂರಿಸಿದಾಗ ತೊಡೆಯ ಅಪಧಮನಿಯ ಹಿಗ್ಗುವ ಶಕ್ತಿ ಮೊದಲ ಗಂಟೆಯಲ್ಲೇ ಕುಂದಿತು. ಗಂಟೆಗೊಮ್ಮೆ 5 ನಿಮಿಷ ನಿಧಾನವಾಗಿ ನಡೆದ ದಿನ ಅದು ಕುಂದಲಿಲ್ಲ.

ಗ್ಲೂಕೋಸ್ ವಿಷಯದಲ್ಲಿ ಸಾಕ್ಷ್ಯ ಇನ್ನೂ ಗಟ್ಟಿ. ಸಂಕುಚಿಸುವ ಸ್ನಾಯು ಇನ್ಸುಲಿನ್‌ಗಾಗಿ ಕಾಯದೆ ರಕ್ತದಿಂದ ಗ್ಲೂಕೋಸ್ ಎಳೆದುಕೊಳ್ಳಬಲ್ಲದು. ಆಸ್ಟ್ರೇಲಿಯಾದ ಡೇವಿಡ್ ಡನ್‌ಸ್ಟನ್ ತಂಡ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೂಕ ಹೆಚ್ಚಿದ್ದ, 45ರಿಂದ 65 ವರ್ಷದ 19 ಮಂದಿ ಇದ್ದರು. ಅವರು ಪ್ರತಿ 20 ನಿಮಿಷಕ್ಕೆ 2 ನಿಮಿಷ ನಡೆದಾಗ, ಆಹಾರದ ಬದಲು ಕೊಟ್ಟ ಪಾನೀಯದ ನಂತರ ರಕ್ತದಲ್ಲಿ ಗ್ಲೂಕೋಸ್ ಏರುವುದು ಒಂದೇ ಸಮನೆ ಕುಳಿತ ದಿನಕ್ಕಿಂತ ಕಾಲು ಭಾಗದಷ್ಟು ಇಳಿಯಿತು. ನಿಧಾನ ನಡಿಗೆಗೂ ಬಿರುಸು ನಡಿಗೆಗೂ ದೊಡ್ಡ ಅಂತರ ಇರಲಿಲ್ಲ. ಮರುವರ್ಷ ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದ ಮೆರೆಡಿತ್ ಪೆಡಿ ಮತ್ತು ಸಂಗಡಿಗರು ನನ್ನ ರೋಗಿಯ ಪ್ರಶ್ನೆಯನ್ನೇ ನೇರವಾಗಿ ಕೇಳಿದಂತಿತ್ತು. 70 ಆರೋಗ್ಯವಂತರಲ್ಲಿ, ಒಂದೇ ಬಾರಿ 30 ನಿಮಿಷ ನಡೆದು ಉಳಿದ ಹೊತ್ತೆಲ್ಲ ಕೂರುವುದನ್ನೂ, ಪ್ರತಿ ಅರ್ಧ ಗಂಟೆಗೆ 1 ನಿಮಿಷ 40 ಸೆಕೆಂಡು ನಡೆಯುವುದನ್ನೂ ಹೋಲಿಸಿದರು. ನಡೆದ ಒಟ್ಟು ಸಮಯ ಎರಡರಲ್ಲೂ ಒಂದೇ. ಊಟದ ನಂತರದ ಗ್ಲೂಕೋಸ್ ಮತ್ತು ಇನ್ಸುಲಿನ್ ಹೆಚ್ಚು ಇಳಿದದ್ದು ಚೂರುಚೂರಾಗಿ ನಡೆದಾಗ.

ಈ ಪ್ರಯೋಗಗಳೆಲ್ಲ ಕೆಲವು ಗಂಟೆಗಳಲ್ಲಿ ಆಗುವುದನ್ನು ಅಳೆದವು. ವರ್ಷಗಳ ನಂತರ ರೋಗ ತಪ್ಪುತ್ತದೆ ಎಂದು ಇವುಗಳಿಂದ ಸಾಬೀತಾಗುವುದಿಲ್ಲ. ಈ ಕ್ಷೇತ್ರದ ಅತಿ ಪ್ರಸಿದ್ಧ ಅಧ್ಯಯನಕ್ಕೂ ಇಂಥ ಮಿತಿಯುಂಟು. 1953ರಲ್ಲಿ ಜೆರ್ರಿ ಮಾರಿಸ್, ಲಂಡನ್ನಿನ ಎರಡಂತಸ್ತಿನ ಬಸ್‌ಗಳಲ್ಲಿ ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರ್‌ಗಳಿಗಿಂತ ಕುಳಿತೇ ಇರುವ ಚಾಲಕರಲ್ಲಿ ಹೃದಯಾಘಾತ ಹೆಚ್ಚು ಎಂದು ತೋರಿಸಿದರು. ಮುಂದೆ ಅವರೇ ಸಮವಸ್ತ್ರದ ದಾಖಲೆಗಳನ್ನು ಹುಡುಕಿ, ಚಾಲಕರ ಸೊಂಟದ ಸುತ್ತಳತೆ ಕೆಲಸಕ್ಕೆ ಸೇರುವಾಗಲೇ ಹೆಚ್ಚಾಗಿತ್ತು ಎಂದು ಪ್ರಕಟಿಸಿದರು. ತಮ್ಮ ವಾದಕ್ಕೇ ಅಡ್ಡಬರುವ ಸಂಗತಿಯನ್ನು ಹುಡುಕಿ ತಂದ ಆ ಪ್ರಾಮಾಣಿಕತೆಯ ಬಗ್ಗೆ ನನಗೆ ಅಪಾರ ಗೌರವ. ನನ್ನ ರೋಗಿಗೂ ಇದನ್ನೆಲ್ಲ ಹೇಳಿದೆ. ಮಧುಮೇಹ ಬಾರದು ಎಂಬ ಭರವಸೆ ಕೊಡಲಿಲ್ಲ. ಕಾಲಿನ ಊತ, ಬೆನ್ನಿನ ಬಿಗಿತ, ಮಧ್ಯಾಹ್ನದ ಮಂಪರು ಇವುಗಳನ್ನು ಗುರಿಯಾಗಿಟ್ಟುಕೊಂಡೆವು.

ಬೆನ್ನಿನ ಬಗ್ಗೆ ಒಂದು ಮಾತು. ಕುಳಿತಾಗ ಬೆನ್ನುಮೂಳೆಯ ಡಿಸ್ಕ್ (ಮೂಳೆಗಳ ನಡುವಿನ ಮೆತ್ತೆ) ಮೇಲೆ ನಿಂತಾಗಿನದಕ್ಕಿಂತ ಹೆಚ್ಚು ಒತ್ತಡ ಬೀಳುತ್ತದೆ ಎಂಬ ನಂಬಿಕೆ 1960ರ ದಶಕದಲ್ಲಿ ಆಲ್ಫ್ ನಾಕೆಮ್ಸನ್ ಮಾಡಿದ ಅಳತೆಗಳಿಂದ ಬಂದದ್ದು. 1999ರಲ್ಲಿ ವಿಲ್ಕೆ ಮತ್ತು ಸಂಗಡಿಗರು ಒಬ್ಬ ಸ್ವಯಂಸೇವಕನಲ್ಲಿ ಅಳೆದಾಗ ಅದು ಹಾಗೆ ಕಾಣಲಿಲ್ಲ. ವಯಸ್ಕರ ಡಿಸ್ಕ್‌ನ ಒಳಭಾಗಕ್ಕೆ ರಕ್ತನಾಳಗಳಿಲ್ಲ, ಪೋಷಣೆ ಸುತ್ತಲಿನಿಂದ ಇಂಗಿ ಬರಬೇಕು. ಹಾಗಾಗಿ ನೆಟ್ಟಗೆ ಕೂರುವ ಒಂದು ಆದರ್ಶ ಭಂಗಿಗಾಗಿ ಹೆಣಗುವುದಕ್ಕಿಂತ ಭಂಗಿಯನ್ನು ಬದಲಿಸುತ್ತಿರುವುದೇ ಮೇಲು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಬಹುಕಾಲ ನೆಟ್ಟಗೆ ಕೂತವರ ಬೆನ್ನೂ ಬಿಗಿಯುತ್ತದೆ.

ಕೆಲಸದೊಳಗಿನ ನಿಲುಗಡೆಗಳು

ನಾವು ಅಲಾರಾಮಿನ ಬದಲು ಕೆಲಸದಲ್ಲಿ ಸಹಜವಾಗಿ ಬರುವ ನಿಲುಗಡೆಗಳನ್ನು ಹುಡುಕಿದೆವು. ಮೊದಲ ಆಲೋಚನೆ, ಒಂದು ಕಡತ ಮುಗಿದಾಗ ಏಳುವುದು. ಆದರೆ 20 ನಿಮಿಷದ ಮುದ್ರಿಕೆಗೂ ಒಂದು ಗಂಟೆಗಿಂತ ಹೆಚ್ಚು ಹಿಡಿಯುತ್ತದೆ, ಅಷ್ಟು ಹೊತ್ತು ಕಾಯುವಂತಿಲ್ಲ. ಅವರ ತಂತ್ರಾಂಶದಲ್ಲಿ ಮುದ್ರಿಕೆಯ ಸಮಯ ಪರದೆಯ ಮೇಲೆ ಓಡುತ್ತಿರುತ್ತದೆ. ಏಳೆಂಟು ನಿಮಿಷದ ಮುದ್ರಿಕೆ ಎಂದರೆ ಸುಮಾರು ಅರ್ಧ ಗಂಟೆಯ ಕೆಲಸ. ಆದ್ದರಿಂದ ಸಮಯದ ಅಂಕಿ 7 ದಾಟಿದ ಮೇಲೆ ಬರುವ ಮೊದಲ ತಿರುವಿನಲ್ಲಿ, ಅಂದರೆ ಮಾತಾಡುವವರು ಬದಲಾದಾಗ ಅಥವಾ ಪ್ರಶ್ನೆ ಮುಗಿದು ಉತ್ತರ ಶುರುವಾಗುವ ಮುನ್ನ, ಏಳುವುದು ಎಂದು ಗೊತ್ತುಮಾಡಿದೆವು. ಮತ್ತೆ 14ರ ನಂತರ, ಮತ್ತೆ 21ರ ನಂತರ. ವಾಕ್ಯ ತುಂಡಾಗುವುದಿಲ್ಲ, ನೆನಪಿನಲ್ಲಿ ಹಿಡಿದದ್ದು ಚೆಲ್ಲುವುದಿಲ್ಲ. ಕುಳಿತಾಗ ಮೊದಲು ಕೇಳಿಸುವುದು ಹೊಸ ಮಾತಿನ ಆರಂಭ.

ನಿಜವಾದ ತಿರುವು ಸಿಕ್ಕಿದ್ದು ಅವರ ಕೆಲಸದ ಇನ್ನೊಂದು ಹಂತದಲ್ಲಿ. ಬರೆದು ಮುಗಿಸಿದ ಮೇಲೆ ಅವರು ಇಡೀ ಮುದ್ರಿಕೆಯನ್ನು ಇನ್ನೊಮ್ಮೆ ಕೇಳುತ್ತ ಬರಹದೊಂದಿಗೆ ಹೋಲಿಸಿ ತಿದ್ದುತ್ತಾರೆ. ಈ ಮರು ಆಲಿಕೆಯಲ್ಲಿ ಕೈಗೆ ಕೆಲಸ ಕಡಿಮೆ, ಕಣ್ಣು ಕಿವಿಗಳಿಗೇ ಹೆಚ್ಚು. ಇದನ್ನು ಕುಳಿತೇ ಮಾಡಬೇಕೇ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗೆ ಯಾರೂ ಕೇಳಿರಲಿಲ್ಲ ಎಂದರು. ತಂತಿಯಿಲ್ಲದ ಹೆಡ್‌ಫೋನ್ ಹಾಕಿಕೊಂಡು, ಪರದೆಯನ್ನು ಕಣ್ಣಿನ ಎತ್ತರಕ್ಕೆ ಏರಿಸಿ, ನಿಂತಲ್ಲೇ ಹೆಜ್ಜೆ ಹಾಕುತ್ತ ಕೇಳುವುದು. ತಪ್ಪು ಕಂಡಾಗ ಬಾಗದೆ ತಿದ್ದಲು ಕೀಲಿಮಣೆಯನ್ನು ಒಂದು ಗಟ್ಟಿ ಪೆಟ್ಟಿಗೆಯ ಮೇಲೆ ಇಡುವುದು. ಹೀಗೆ ದಿನಕ್ಕೆ ಒಂದೂವರೆ ಗಂಟೆಯಷ್ಟು ಕೆಲಸ ಕುರ್ಚಿಯಿಂದ ಹೊರಬಂತು. ಅದಕ್ಕಾಗಿ ಒಂದು ನಿಮಿಷದ ದುಡಿಮೆಯೂ ಹೋಗಲಿಲ್ಲ.

ಎತ್ತರಿಸಬಲ್ಲ ದುಬಾರಿ ಮೇಜನ್ನು ಕೊಳ್ಳಲೇ ಎಂದು ಅವರು ಕೇಳಿದ್ದರು. ಇವರಿಗೆ ಅದು ಅಗತ್ಯವೆನಿಸಲಿಲ್ಲ. ಸುಮ್ಮನೆ ನಿಲ್ಲುವುದಕ್ಕೆ ಕೂರುವುದಕ್ಕಿಂತ ತೀರಾ ಅಲ್ಪ ಶಕ್ತಿ ಹೆಚ್ಚು ಬೇಕಾಗುತ್ತದೆ, ಮತ್ತು ಅಲುಗದೆ ಗಂಟೆಗಟ್ಟಲೆ ನಿಂತರೂ ಕಾಲು ಊದುತ್ತದೆ. ಸ್ನಾಯು ಹಿಂಡಿ ಸಡಿಲವಾಗುವುದೇ ಇಲ್ಲಿ ಮುಖ್ಯ.

ಎರಡು ನಿಮಿಷದಲ್ಲಿ ಏನು ಮಾಡಿದರು

ಹತ್ತು ವ್ಯಾಯಾಮಗಳ ಪಟ್ಟಿಯನ್ನು ನಾಲ್ಕಕ್ಕೆ ಇಳಿಸಿದೆ. ಮೊದಲನೆಯದು ಕುರ್ಚಿಯಿಂದ ಕೈ ಊರದೆ ಎದ್ದು ನಿಧಾನವಾಗಿ ಮತ್ತೆ ಕೂರುವುದು, ಎಂಟರಿಂದ ಹತ್ತು ಸಲ. ಇಷ್ಟು ಹೊತ್ತು ಸುಮ್ಮನಿದ್ದ ತೊಡೆ ಮತ್ತು ಪೃಷ್ಠದ ದೊಡ್ಡ ಸ್ನಾಯುಗಳು ಇದರಲ್ಲಿ ಎಚ್ಚರಗೊಳ್ಳುತ್ತವೆ, ಹೆಚ್ಚು ಗ್ಲೂಕೋಸ್ ಎಳೆದುಕೊಳ್ಳುವವೂ ಅವೇ. ಕೂರುವಾಗ ಧೊಪ್ಪನೆ ಬೀಳದೆ ಮೂರು ಎಣಿಸುವಷ್ಟು ಹೊತ್ತು ತೆಗೆದುಕೊಳ್ಳಬೇಕು. ಎರಡನೆಯದು ಮೇಜನ್ನು ಹಗುರವಾಗಿ ಹಿಡಿದು ಹಿಮ್ಮಡಿ ಎತ್ತಿ ಕಾಲ್ಬೆರಳ ಮೇಲೆ ನಿಂತು ಇಳಿಯುವುದು, ಹದಿನೈದು ಇಪ್ಪತ್ತು ಸಲ. ಇವರ ಊತಕ್ಕೆ ಮುಖ್ಯ ಮದ್ದು ಇದೇ. ಮೂರನೆಯದು ಮಂಡಿಯನ್ನು ಸೊಂಟದ ಹತ್ತಿರಕ್ಕೆ ಎತ್ತಿ ನಿಂತಲ್ಲೇ ಹೆಜ್ಜೆ ಹಾಕುವುದು, ಇಲ್ಲವೇ ಸ್ಥಳವಿದ್ದರೆ ನಡೆಯುವುದು. ನಾಲ್ಕನೆಯದು ಎರಡೂ ಅಂಗೈಯನ್ನು ಸೊಂಟದ ಹಿಂದಕ್ಕೆ ಇಟ್ಟು ಎದೆ ತೆರೆದು, ಬೆನ್ನನ್ನು ಹಿತವೆನಿಸುವಷ್ಟೇ ಹಿಂದಕ್ಕೆ ಬಾಗಿಸುವುದು. ಆಗ ಕಣ್ಣು ಪರದೆ ಬಿಟ್ಟು ದೂರದ ಏನನ್ನಾದರೂ ನೋಡುತ್ತಿರಬೇಕು.

ನಾಲ್ಕನ್ನೂ ಪ್ರತಿ ಸಲ ಮಾಡಬೇಕಿಲ್ಲ. ಹಿಮ್ಮಡಿ ಎತ್ತುವುದನ್ನು ಬಿಡಬಾರದು, ಉಳಿದವುಗಳಲ್ಲಿ ಮನಸ್ಸಿಗೆ ಬಂದದ್ದೊಂದು ಸಾಕು. ಬೆವರು ಬರುವುದಿಲ್ಲ, ಬಟ್ಟೆ ಬದಲಿಸಬೇಕಿಲ್ಲ, ನೋಡುವವರಿಗೆ ಯಾರೋ ಎದ್ದು ನಿಂತಿದ್ದಾರೆ ಎಂಬುದಕ್ಕಿಂತ ಹೆಚ್ಚೇನೂ ಕಾಣುವುದಿಲ್ಲ. ಸಂಕೋಚ ಇದ್ದವರಿಗೆ ಈ ಕೊನೆಯ ಗುಣ ಎಷ್ಟು ಮುಖ್ಯ ಎಂಬುದನ್ನು ಆರೋಗ್ಯದ ಸುತ್ತೋಲೆ ಬರೆಯುವವರು ಅರಿತಂತಿಲ್ಲ.

ಮುದ್ರಿಕೆ ಕೇಳುತ್ತಿರುವಾಗಲೇ ಎಡಗಾಲಿನ ಹಿಮ್ಮಡಿ ಮತ್ತು ಬೆರಳುಗಳನ್ನು ಸರದಿಯಂತೆ ಎತ್ತಿಳಿಸುವುದನ್ನು ಇವರಿಗೆ ಪ್ರತ್ಯೇಕವಾಗಿ ಹೇಳಿದೆ. ಪೆಡಲನ್ನು ವಾರ ಬಿಟ್ಟು ವಾರ ಎಡಗಾಲಿಗೆ ಬದಲಿಸಿ ನೋಡಿದರು. ಮೊದಮೊದಲು ತಪ್ಪು ಗುಂಡಿ ಒತ್ತಿ ಬೇಸರಪಟ್ಟರು, ನಂತರ ರೂಢಿಯಾಯಿತು.

ಎಲ್ಲರಿಗೂ ಇದೇ ಪಟ್ಟಿ ಹೊಂದುವುದಿಲ್ಲ. ಮಂಡಿನೋವು ಇರುವವರು ಎತ್ತರದ ಕುರ್ಚಿಯಿಂದ ಏಳಬೇಕು ಅಥವಾ ಕೈ ಊರಬೇಕು. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರಿಗೆ ಥಟ್ಟನೆ ಎದ್ದಾಗ ತಲೆ ಸುತ್ತಬಹುದು, ಏಳುವ ಮುನ್ನ ಪಾದಗಳನ್ನು ಕೆಲವು ಬಾರಿ ಆಡಿಸಿಕೊಳ್ಳಬೇಕು. ಉಸಿರು ಹಿಡಿದು ಮಾಡಬಾರದು. ಇನ್ಸುಲಿನ್ ತೆಗೆದುಕೊಳ್ಳುವವರು ದಿನದ ಚಟುವಟಿಕೆ ಹೆಚ್ಚಿಸುವ ಮುನ್ನ ವೈದ್ಯರೊಂದಿಗೆ ಮಾತನಾಡಬೇಕು. ಗಾಲಿಕುರ್ಚಿ ಬಳಸುವವರಿಗೂ ವಿರಾಮ ಬೇಕು. ತೋಳು, ಭುಜಗಳ ಚಲನೆಯಿಂದ ಅವರಿಗೆ ಬೇರೆಯೇ ಸರಣಿ ರೂಪಿಸಬಹುದು.

ಮೇಲ್ವಿಚಾರಕರ ಮೇಜಿನಲ್ಲಿ

ಇಷ್ಟೆಲ್ಲ ಮಾಡಿದರೂ ಒಂದು ಅಡ್ಡಿ ಉಳಿದಿತ್ತು. ತಂತ್ರಾಂಶ ಎರಡು ನಿಮಿಷ ಕೀಲಿಮಣೆ ಸುಮ್ಮನಿದ್ದರೆ ಅದನ್ನು ನಿಷ್ಕ್ರಿಯ ಸಮಯವೆಂದು ದಾಖಲಿಸುತ್ತಿತ್ತು, ಆ ಅಂಕಿ ತಿಂಗಳ ಕೊನೆಗೆ ಮೇಲ್ವಿಚಾರಕರ ಮುಂದೆ ಹೋಗುತ್ತಿತ್ತು. ಎದ್ದೇಳಿ ಎಂದು ಸುತ್ತೋಲೆ ಕಳುಹಿಸುವ ಸಂಸ್ಥೆಯೇ ಎದ್ದವರನ್ನು ಲೆಕ್ಕ ಹಾಕುತ್ತಿತ್ತು. ನಾನು ರೋಗಿಗಳ ಕಚೇರಿಯ ವಿಷಯಕ್ಕೆ ಸಾಮಾನ್ಯವಾಗಿ ಕೈಹಾಕುವುದಿಲ್ಲ. ಆದರೆ ಇಲ್ಲಿ ಅದನ್ನು ಬದಲಿಸದೆ ಚಿಕಿತ್ಸೆ ಪೂರ್ಣವಾಗುತ್ತಿರಲಿಲ್ಲ. ಅವರ ಕೋರಿಕೆಯಂತೆ ಒಂದು ಪತ್ರ ಬರೆದೆ. ಗಲಿನ್‌ಸ್ಕಿ ಅವರ ಅಧ್ಯಯನದಲ್ಲಿ ಹೆಚ್ಚುವರಿ ವಿರಾಮದಿಂದ ಕೆಲಸದ ಪ್ರಮಾಣ ಇಳಿಯಲಿಲ್ಲ ಎಂಬುದನ್ನು ತಿಳಿಸಿ, ನಿಷ್ಕ್ರಿಯ ಸಮಯದ ಮಿತಿಯನ್ನು ಐದು ನಿಮಿಷಕ್ಕೆ ಏರಿಸಲು ಕೇಳಿದೆ. ಮೇಲ್ವಿಚಾರಕರು ಮೊದಲು ಇವರೊಬ್ಬರಿಗೆ ಮಾತ್ರ ಒಪ್ಪಿದರು. ಕೆಲವು ವಾರಗಳ ನಂತರ, ಇವರು ಒಪ್ಪಿಸುವ ಕೆಲಸದಲ್ಲಿ ಇಳಿಕೆ ಕಾಣದಿದ್ದಾಗ ಇಡೀ ತಂಡಕ್ಕೆ ಅನ್ವಯಿಸಿದರು. ವಿರಾಮವನ್ನು ವ್ಯಕ್ತಿಯ ಹೊಣೆಯೆಂದು ಅವರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಅನ್ಯಾಯ ಎಂದು ನಾನು ನಂಬುತ್ತೇನೆ. ಎದ್ದೇಳುವುದನ್ನು ಶಿಕ್ಷಿಸುವ ಅಳತೆಗೋಲು ಇರುವಲ್ಲಿ ಯಾವ ವ್ಯಾಯಾಮವೂ ಉಳಿಯದು.

ಆರು ತಿಂಗಳ ನಂತರ

ಕಣಕಾಲಿನ ಊತ ಬೇಗನೆ ಇಳಿಯಿತು. ಮೊದಲ ತಿಂಗಳು ಕಳೆಯುವಷ್ಟರಲ್ಲಿ ಸಂಜೆ ಅಳತೆ ಪಟ್ಟಿ ಸುತ್ತಿದಾಗ ಎರಡು ಕಾಲಿಗೂ ಅಂತರ ಕಾಣಲಿಲ್ಲ. ಬೆನ್ನಿನ ಬಿಗಿತ ಪೂರ್ತಿ ಹೋಗಿಲ್ಲ, ಆದರೆ ಏಳುವಾಗ ಸೊಂಟ ಹಿಡಿದುಕೊಳ್ಳುವುದು ನಿಂತಿದೆ. ಊಟವಾದ ಕೂಡಲೇ ಮರು ಆಲಿಕೆಯ ಕೆಲಸವನ್ನು ಇಟ್ಟುಕೊಂಡದ್ದರಿಂದ ತೂಕಡಿಕೆಯ ಹೊತ್ತು ನಿಂತು ಹೆಜ್ಜೆ ಹಾಕುವ ಹೊತ್ತಾಯಿತು, ವಾಕ್ಯಗಳನ್ನು ಮತ್ತೆ ಮತ್ತೆ ತಿರುಗಿಸುವುದು ಕಡಿಮೆಯಾಯಿತು. ಶೌಚಾಲಯಕ್ಕೆ ಹೋಗುವುದು ಕೂಡ ವಿರಾಮವೇ ಎಂದಾದ ಮೇಲೆ ನೀರು ಕುಡಿಯುವುದು ತಾನಾಗಿ ಸರಿಹೋಯಿತು. ಈ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದು ಇದು.

ತೂಕ ಬದಲಾಗಲಿಲ್ಲ. ಎರಡು ನಿಮಿಷದ ವಿರಾಮಗಳಿಂದ ತೂಕ ಇಳಿಯುತ್ತದೆ ಎಂದು ನಾನು ಹೇಳಿಯೂ ಇರಲಿಲ್ಲ. ಉಪವಾಸದ ಗ್ಲೂಕೋಸ್ 103ಕ್ಕೆ ಬಂದಿದೆ. ಅಷ್ಟು ಏರಿಳಿತ ದಿನದಿಂದ ದಿನಕ್ಕೂ ಆಗಬಹುದಾದ್ದರಿಂದ ಇದನ್ನು ವಿರಾಮದ ಗೆಲುವೆಂದು ಬರೆಯಲಾರೆ, ವೈದ್ಯರು ವರ್ಷಕ್ಕೊಮ್ಮೆ ನೋಡುತ್ತಿರುತ್ತಾರೆ. ಕೆಲಸ ಒಪ್ಪಿಸುವ ಕೊನೆಯ ದಿನ ಹತ್ತಿರವಾದಾಗ ನಿಲುಗಡೆಗಳು ಇಂದಿಗೂ ತಪ್ಪುತ್ತವೆ. ಅಂಥ ದಿನ ಮರು ಆಲಿಕೆಯನ್ನಾದರೂ ನಿಂತೇ ಮಾಡುತ್ತಾರೆ, ಉಳಿದದ್ದನ್ನು ಮರುದಿನ ಮತ್ತೆ ಹಿಡಿಯುತ್ತಾರೆ. ತಪ್ಪಿದ್ದಕ್ಕೆ ತಮ್ಮನ್ನು ಹಳಿದುಕೊಳ್ಳುವುದನ್ನು ಬಿಟ್ಟಿದ್ದಾರೆ.

ಬಲಗೈ ಬೆರಳುಗಳ ಜುಮ್ಮೆನ್ನುವಿಕೆಗೆ ಈ ಯಾವುದೂ ನೆರವಾಗಲಿಲ್ಲ. ಮೂರನೆಯ ತಿಂಗಳಲ್ಲೂ ಅದು ಹಾಗೆಯೇ ಇದ್ದಾಗ ನರದ ಪರೀಕ್ಷೆಗೆ ಕಳುಹಿಸಿದೆ. ಮಣಿಕಟ್ಟಿನಲ್ಲಿ ಮೀಡಿಯನ್ ನರ ಒತ್ತಿಕೊಂಡಿರುವುದು, ಅಂದರೆ ಕಾರ್ಪಲ್ ಟನಲ್ ತೊಂದರೆ, ದೃಢಪಟ್ಟಿತು. ರಾತ್ರಿ ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ ಪಟ್ಟಿ ಕಟ್ಟಿಕೊಂಡು ಮಲಗುತ್ತಿದ್ದಾರೆ, ಕೀಲಿಮಣೆಯ ಎತ್ತರ ತಗ್ಗಿಸಿದ್ದೇವೆ. ಅದರ ಚಿಕಿತ್ಸೆ ಇನ್ನೂ ನಡೆದಿದೆ.